ಹಿಪ್ಪೆ ತೋಪಿನ ಹೆಜ್ಜೆ ಗುರುತು

ಒಂದು ಕಾಡಿನಲ್ಲಿ, ಅಂದರೆ ಬೇಟೆಗಾರರು ಕಾಲಿಡದಂತೆ ಸುತ್ತಲೂ ಕಂದಕ ತೋಡಿ ಕಾಯುತ್ತಿದ್ದ ಅಭಯಾರಣ್ಯದಲ್ಲಿ, ದೊಡ್ಡೀರ ಎಂಬ ಮುದಿ ಕಡವೆಯಿತ್ತು. ಅದರ ಹಲ್ಲು ಸವೆದಿತ್ತು. ಒಣಹುಲ್ಲು ಅಗಿಯಲಾಗುತ್ತಿರಲಿಲ್ಲ. ಆದರೆ ವಸಂತ ಬಂತೆಂದರೆ ಅದಕ್ಕೆ ಹಬ್ಬವೇ ಅನ್ನಿ. ಬೆಳಕು ಹರಿಯುವ ಹೊತ್ತಿಗೆ ಒಂಟಿಯಾಗಿ ಹೊರಟುಬಿಡುತ್ತಿತ್ತು. ಮುತ್ತುಗದ ಕೆಂಪು ನೋಡುತ್ತ, ಹೊಂಗೆಯ ಚಿಗುರು ಮೂಸುತ್ತ, ಅಲ್ಲಿ ನಿಂತು ಇಲ್ಲಿ ನಿಂತು, ಬತ್ತಿದ ಹಳ್ಳ ದಾಟಿ ಹಿಪ್ಪೆ ತೋಪು ಸೇರುತ್ತಿತ್ತು. ನೆಲಕ್ಕುದುರಿದ ಹಿಪ್ಪೆ ಹೂವು ಬೆಣ್ಣೆಯಷ್ಟು ಮೆತ್ತಗೆ. ಆ ಹದಿನೈದು ದಿನ ಹೊಟ್ಟೆ ತುಂಬಿದರೆ ಬೇಸಿಗೆ ದಾಟಬಹುದು; ಇಲ್ಲದಿದ್ದರೆ ಇಲ್ಲ.

ಆ ವರ್ಷ ಹಳ್ಳದ ಮರಳಿನಲ್ಲಿ ಹುಲಿಯ ಹೆಜ್ಜೆ ಕಂಡಿತು. ಜಿಂಕೆಗಳು ದೂರದಿಂದಲೇ ನೋಡಿ ಓಡಿದವು. ಬಂಡೆಯ ಮೇಲೆ ಒಂದು ನರಿ ಕುಳಿತಿತ್ತು.

“ಮಾವ, ಮುಂದೆ ಹೋಗಬೇಡಿ. ತೋಪಿನಲ್ಲಿ ಹುಲಿ ಬೀಡುಬಿಟ್ಟಿದೆ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀನಿ” ಎಂದಿತು.

ದೊಡ್ಡೀರ ಹಿಂತಿರುಗಿತು. ಮಾರನೆಯ ದಿನವೂ ಅದೇ ಹೆಜ್ಜೆ, ಅದೇ ನರಿ, ಅದೇ ಮಾತು. ನಾಲ್ಕನೆಯ ದಿನಕ್ಕೆ ಕಡವೆಯ ಪಕ್ಕೆಲುಬು ಎಣಿಸುವಂತಾಯಿತು. ಓಡಲು ಶಕ್ತಿಯಿರಲಿಲ್ಲ. ಹಾಗಾಗಿ ನಿಂತಲ್ಲೇ ಬಗ್ಗಿ ಹೆಜ್ಜೆಯನ್ನು ನೋಡಿತು. ಪ್ರತಿ ಬೆರಳಿನ ಮುಂದೆ ಉಗುರಿನ ಗೀರು.

“ಹುಲಿ ಉಗುರು ಒಳಗೆಳೆದುಕೊಂಡು ನಡೆಯುತ್ತದಲ್ಲಪ್ಪಾ. ಇದು ಯಾವ ಊರಿನ ಹುಲಿ?” ಎಂದು ಕೇಳಿತು.

ನರಿಯ ಮೀಸೆಗೆ ಹಿಪ್ಪೆ ಹೂವು ಅಂಟಿತ್ತು. ಬೇಲದ ಕಾಯಿ ಒತ್ತಿ ಅಂಗಾಲು, ತನ್ನ ಪಂಜ ಒತ್ತಿ ಬೆರಳು ಮೂಡಿಸಿದ್ದು ಅದೇ. ಅದು ಹಲ್ಲು ಕಿರಿಯಿತು. “ಯಾರಿಗೂ ಹೇಳಬೇಡಿ ಮಾವ. ನಾವಿಬ್ಬರೇ ತಿನ್ನೋಣ.”

“ಉದುರಿದ ಹೂವಿಗೆ ನೀನೇನು ಯಜಮಾನನೇನೋ?” ಎಂದ ದೊಡ್ಡೀರ ಹೋಗಿ ಜಿಂಕೆಗಳಿಗೂ ಹೇಳಿತು. ಅಂದು ಎಲ್ಲವೂ ಹೊಟ್ಟೆ ತುಂಬ ತಿಂದವು. ನರಿ ಮುಖ ಊದಿಸಿಕೊಂಡು ಕುಳಿತಿತು.

ಮರುದಿನ ಬೆಳಗ್ಗೆ ದೊಡ್ಡೀರ ಹಳ್ಳದ ಬಳಿ ಗಕ್ಕನೆ ನಿಂತಿತು. ಹೊಸ ಹೆಜ್ಜೆ. ಉಗುರಿನ ಗೀರಿಲ್ಲ. ಅಷ್ಟರಲ್ಲಿ ನರಿ ಅದನ್ನು ದಾಟಿಕೊಂಡು ತೋಪಿನತ್ತ ಹೊರಟಿತು.

“ನಿಲ್ಲೋ. ಇವತ್ತು ನಿಜವಾದ ಹುಲಿ ಬಂದಿದೆ.”

“ನನ್ನ ಹತ್ತಿರ ಕಲಿತು ನನಗೇ ಪಾಠ ಹೇಳ್ತೀಯಾ ಮಾವ? ನೀನೊಬ್ಬನೇ ತಿನ್ನೋ ಹುನ್ನಾರ ತಾನೇ?”

“ಹೆಜ್ಜೆಯನ್ನಾದರೂ ನೋಡು.”

“ಹೆಜ್ಜೆ ಮೂಡಿಸಿದವನಿಗೇ ಹೆಜ್ಜೆ ತೋರಿಸ್ತಾನಂತೆ” ಎಂದು ನರಿ ನಗುತ್ತ ನಡೆಯಿತು.

ಹತ್ತು ಮಾರು ಹೋಗಿರಲಿಲ್ಲ, ಪೊದೆ ಅಲುಗಿತು. ಒಂದು ಘರ್ಜನೆ, ಒಂದು ಚೀತ್ಕಾರ. ನರಿ ಬದುಕಿ ಬಂತು, ನಿಜ. ಬಾಲದ ಅರ್ಧ ಮಾತ್ರ ಹುಲಿಯ ಬಳಿಯೇ ಉಳಿಯಿತು.

ಮೂರನೆಯ ದಿನ ಹುಲಿ ಬೆಟ್ಟ ಹತ್ತಿ ಆಚೆ ಇಳಿದದ್ದನ್ನು ಮರದ ತುದಿಯ ಮುಸುವಗಳು ನೋಡಿ ಹೇಳಿದವು. ದೊಡ್ಡೀರ ಎಂದಿನಂತೆ ಒಂಟಿಯಾಗಿ, ಚಿಗುರು ಮೂಸುತ್ತ ಹೊರಟಿತು. ಬಂಡೆಯ ಹಿಂದಿನಿಂದ ನರಿ ಇಣುಕಿತು.

“ಹುಲಿ ಹೋಯಿತಾ ಮಾವ?”

“ಹೋಯಿತು. ಬಾ, ಹೂವು ಬೇಕಾದಷ್ಟಿದೆ.”

ನರಿ ಕಡವೆಯ ಮುಖ ನೋಡಿತು. ತನ್ನ ಮೊಂಡು ಬಾಲ ನೋಡಿಕೊಂಡಿತು. “ಇದರಲ್ಲೂ ಏನೋ ಮೋಸವಿದೆ” ಎಂದು ಅಲ್ಲೇ ಕುಳಿತಿತು. ಕೊನೆಯ ಹೂವು ಉದುರುವವರೆಗೂ ಕುಳಿತೇ ಇತ್ತು.

ನೀತಿ: ಸದಾ ಮೋಸ ಮಾಡುವವನಿಗೆ ಇನ್ನೊಬ್ಬರ ನಿಜವೂ ಮೋಸವಾಗಿಯೇ ಕಾಣುತ್ತದೆ, ಅವನಿಗೆ ಎಚ್ಚರಿಕೆಯೂ ದಕ್ಕುವುದಿಲ್ಲ, ಊಟವೂ ದಕ್ಕುವುದಿಲ್ಲ.