ಸೀಬಿಯ ಅವ್ವನ ಬದನೆ

ಹತ್ರ ಬಾ ಮಗಾ, ಕಣ್ಣು ಮುಚ್ಕೊಂಡು ಕೇಳು. ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ, ಒಂದೂರಲ್ಲಿ ಸೀಬಿ ಅಂತ ಒಬ್ಬ ಹುಡುಗಿ ಇದ್ಳಂತೆ. ಅವಳವ್ವ ತೀರ್ಕೊಂಡಿದ್ಳು. ಅವ್ವ ಬೆಳೆಸಿದ್ದ ಬದನೆ ಗಿಡ ಮಾತ್ರ ಹಿತ್ತಲಲ್ಲಿ ಉಳಿದಿತ್ತು. ಮೈಮೇಲೆ ಬಿಳಿ ಗೀರಿರೋ, ಬೆಣ್ಣೆ ಥರ ಬೇಯೋ ಬದನೆ, ಊರಲ್ಲಿ ಇನ್ಯಾರ ಹತ್ರಾನೂ ಇರ್ಲಿಲ್ವಂತೆ. ಆಮೇಲೆ ಅವಳಪ್ಪ ಓಬಕ್ಕ ಅನ್ನೋಳನ್ನ ಮದ್ವೆ ಮಾಡ್ಕೊಂಡು ಬಂದ.

ಓಬಕ್ಕ ಬಂದವಳೇ ಹಿತ್ತಲಿಗೆ ಇಳಿದ್ಳು. ಬೇಲಿಗೆ ಕಟು ವಾಸನೆಯ ಲಕ್ಕಿ ಗಿಡದ ಕಡ್ಡಿ ನೆಟ್ಳು. ಆಡು ಮೂಸಿ ಮುಖ ತಿರುಗಿಸ್ತಂತೆ. ಆಡೂ ತಿನ್ನದ್ದು ಅಂದ್ರೆ ವಿಷವೇ ಇರ್ಬೇಕು ಅಂದ್ಕೊಂಡ್ಳು ಸೀಬಿ. ಆಮೇಲೆ ಬದನೆ ಸಾಲಿನ ನಡುವೆ ಕೊತ್ತಂಬರಿ ಬಿತ್ತಿದ್ಳು. ಅವ್ವನ ಗಿಡದ ಗೊಬ್ಬರ ಕದಿಯೋಕೆ ಇದು ಅಂದ್ಕೊಂಡ್ಳು. ಆಮೇಲೆ ಸುತ್ತ ಚೆಂಡು ಹೂವು ಹಾಕಿದ್ಳು ನೋಡು, ಸೀಬಿಗೆ ಹೊಟ್ಟೆ ಉರಿದುಹೋಯ್ತಂತೆ, ನಮ್ಮವ್ವ ಸತ್ತಿದ್ದಕ್ಕೆ ಮಾಲೆ ಕಟ್ಟಿ ಸಂಭ್ರಮ ಮಾಡೋಕೆ ಹೊರಟಿದ್ದಾಳೆ ಅಂತ.

ಓಬಕ್ಕ ನೀರಿಗೆ ಹೋದಾಗ ಸೀಬಿ ಕೊತ್ತಂಬರಿ, ಚೆಂಡು ಹೂವು ಎಲ್ಲ ಕಿತ್ತು ತಿಪ್ಪೆಗೆ ಎಸೆದ್ಳಂತೆ. ನೀರಿನ ಕಲ್ಲುಬಾನಿ ಹಿಂದೆ ಮುಳ್ಳು ಬೆಳ್ಕೊಂಡಿತ್ತು, ಅಲ್ಲಿದ್ದ ಸಾಲಿಗೆ ಮಾತ್ರ ಕೈ ಹೋಗ್ಲಿಲ್ಲ. ಓಬಕ್ಕ ಬಂದು ನೋಡಿದ್ಳು, ಕೊಡ ಇಳಿಸಿ ಒಳಗೆ ಹೋದ್ಳು. ಬೈಯಲ್ಲ ಅಂದ್ರೆ ಇನ್ನೇನೋ ಹೂಡ್ತಿದ್ದಾಳೆ ಅಂತ ಸೀಬಿಗೆ ಇನ್ನೂ ಅನುಮಾನ.

ಆಮೇಲೆ ಬದನೆ ಕುಡಿ ಜೋತುಬಿತ್ತು, ಕಾಯಿ ತುಂಬ ತೂತು. ಅಪ್ಪಾ, ಅವಳೇ ಹುಳ ಬಿಟ್ಟಿದ್ದು ಅಂತ ಸೀಬಿ ಅತ್ಳಂತೆ. ಅಪ್ಪ ಓಬಕ್ಕನ ಕಡೆ ತಿರುಗಿದ, ಅವನ ಕಣ್ಣಲ್ಲೂ ಅನುಮಾನ. ಓಬಕ್ಕನ ಮುಖ ಸಪ್ಪಗಾಯ್ತು. ಸೀಬಿನ ಬಾನಿ ಹಿಂದಕ್ಕೆ ಕರ್ಕೊಂಡು ಹೋಗಿ ಕುಡುಗೋಲಲ್ಲಿ ಮುಳ್ಳು ಸರಿಸಿದ್ಳು. ಕೊತ್ತಂಬರಿ ಮಧ್ಯೆ ಅವ್ವನವೇ ಎರಡು ಬದನೆ ಗಿಡ ಕಾಯಿ ತುಂಬಿ ನಿಂತಿದ್ವಂತೆ. ಕೊತ್ತಂಬರಿ, ಚೆಂಡು ಹೂವಿನ ವಾಸನೇಲಿ ಹುಳ ಹಾಕೋ ಚಿಟ್ಟೆಗೆ ಬದನೆ ಗುರುತು ಹತ್ತಲ್ಲ ಕಣವ್ವ, ನಂಬಿಕೆ ಇಲ್ದಿದ್ರೆ ನೀನೇ ಹೆಚ್ಚಿ ನೋಡು ಅಂದ್ಳು. ಸೀಬಿ ಒಂದು ಹೆಚ್ಚಿದ್ಳು, ಹುಳ ಇಲ್ಲ. ಇನ್ನೊಂದು, ಹುಳ ಇಲ್ಲ. ಹಣ್ಣಾಗಿ ಹಳದಿ ತಿರುಗಿದ್ದ ಮೂರನೇದಕ್ಕೆ ಕೈ ಹಾಕಿದ್ರೆ, ಓಬಕ್ಕ ಗಬಕ್ಕನೆ ಕೈ ಹಿಡ್ಕೊಂಡ್ಳು, ಇದು ಬೇಡ, ಬೀಜಕ್ಕೆ ಬಿಡು ಅಂತ.

ನಿಮ್ಮೂರ ಬದನೆ ಬೀಜ ಇಲ್ವಾ ನಿನ್ಹತ್ರ ಅಂತ ಸೀಬಿ ಕೇಳಿದ್ಳು. ಐತೆ, ಬಿತ್ತಿಲ್ಲ, ಪಕ್ಕದಲ್ಲಿ ಹಾಕಿದ್ರೆ ದುಂಬಿ ಎರಡರ ಮೇಲೂ ಕೂತು ತಳಿ ಬೆರೆತುಹೋಗ್ತದೆ, ಆಮೇಲೆ ನಿಮ್ಮವ್ವನ ಬದನೆ ಅಂತ ಉಳಿಯಲ್ಲ ಅಂದ್ಳಂತೆ ಓಬಕ್ಕ.

ಸೀಬಿ ಆ ಹಳದಿ ಕಾಯಿನ ಎಲೆ ಮರೆಗೆ ಸರಿಸಿದ್ಳು. ಆಮೇಲೆ ಮೆಲ್ಲಗೆ, ಚಿಕ್ಕವ್ವಾ, ಕೊತ್ತಂಬರಿ ಇನ್ನೂ ಮಿಕ್ಕಿದ್ಯಾ ಅಂದ್ಳಂತೆ. ಇಬ್ರೂ ಕುಕ್ಕರುಗಾಲಲ್ಲಿ ಕೂತು ಬಿತ್ತಿದ್ರು. ಅಪ್ಪ ನೀರು ಹೊತ್ತು ತಂದು ಹಾಕಿದ.

ಅವರ ಹಿತ್ತಲು ತುಂಬ್ತು, ನನ್ನ ಕತೆ ಬರಿದಾಯ್ತು. ಇನ್ನು ಮಲ್ಕೋ ಮಗಾ.