ಎರಡು ಬಾವುಟ

“ಗುರುಗಳೇ, ಎರಡೂ ಸರಿಯಾಗಿದ್ದು ಕೆಲಸ ಕೆಡುವುದು ಹೇಗೆ?” ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಮಠದ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಶಿಷ್ಯ. ಅಲ್ಲಿ ಮಾಹಿತಿಗೆ ದಾರಿ ತೋರುವ ರೌಟರಿನಲ್ಲಿ ಒಂದೇ ಬಗೆಯ ಎರಡು ಮಾಡ್ಯೂಲ್‌ಗಳಿದ್ದವು. ಒಂದು ದುಡಿಯುತ್ತಿತ್ತು. ಇನ್ನೊಂದು ಅದನ್ನು ಗಮನಿಸುತ್ತ ಕಾದಿರುತ್ತಿತ್ತು. ಮೊದಲನೆಯದು ನಿಂತರೆ ತಾನು ಮುಂದಾಗಬೇಕು. ಹಿಂದಿನ ದಿನ ಎರಡರ ನಡುವಿನ ವೈರು ಸಡಿಲವಾಗಿತ್ತು. ಮೊದಲನೆಯದರ ಸುದ್ದಿ ಬಾರದ್ದರಿಂದ ಅದು ಸತ್ತಿತೆಂದು ಬಗೆದು ಎರಡನೆಯದು ಮುಂದಾಯಿತು. ಮೊದಲನೆಯದು ನಿಂತಿರಲೇ ಇಲ್ಲ. ಎರಡೂ ಒಟ್ಟಿಗೆ ದಾರಿ ಹೇಳತೊಡಗಿದವು. ಇಡೀ ನೆಟ್‌ವರ್ಕ್ ಕುಸಿಯಿತು. ಬಾಣಂತಿಯೊಬ್ಬಳ ರಕ್ತದ ವರದಿ ವೈದ್ಯರಿಗೆ ತಲುಪುವುದು ತಡವಾಯಿತು. ಅವಳು ಬದುಕಿಕೊಂಡಳು. ಆದರೆ ಚೆನ್ನವೀರನಿಗೆ ಊಟ ಸೇರಲಿಲ್ಲ.

“ಒಂದೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ,” ಎಂದ. “ಎರಡನ್ನೂ ಬಿಚ್ಚಿ ನೋಡಿದೆ. ಎರಡರಲ್ಲೂ ದೋಷವಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಒಂದು ನದಿ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬಗಳಿದ್ದವು. ನೀರು ಸರಿಸಿದಂತೆ ಅವು ಜಾಗ ಬದಲಿಸುತ್ತಿದ್ದವು. ಬಂಡೆಯ ಮೇಲೆ ನಿಂತ ಬಾವುಟದವನೊಬ್ಬ ಎಡಕ್ಕೋ ಬಲಕ್ಕೋ ಬೀಸಿ ದೋಣಿಗಳನ್ನು ಒಳಗೆ ಕರೆಯುತ್ತಿದ್ದ. ಒಮ್ಮೆ ಅವನು ಜ್ವರ ಬಂದು ಮಲಗಿದ. ದೋಣಿಗಳು ಹೊರಗೇ ನಿಂತವು. ಮೀನು ಕೊಳೆಯಿತು, ಉಪ್ಪು ನೆನೆಯಿತು. ಆಗ ಊರಿನ ಹಿರಿಯರು ಇನ್ನೊಬ್ಬನನ್ನು ನೇಮಿಸಿದರು. ಒಂದೇ ಸಿಡಿಲಿಗೆ ಇಬ್ಬರೂ ಸಿಗಬಾರದೆಂದು ಅವನಿಗೆ ಗುಡ್ಡದ ತಿರುವಿನಾಚೆ ಬೇರೆ ಬಂಡೆ ಕೊಟ್ಟರು. ಕಡಲಿನಿಂದ ಎರಡೂ ಬಂಡೆ ಕಾಣುತ್ತಿದ್ದವು, ಒಂದರಿಂದ ಇನ್ನೊಂದು ಕಾಣುತ್ತಿರಲಿಲ್ಲ. ಮೊದಲನೆಯವನು ಆಗಾಗ ಶಂಖ ಊದಬೇಕು. ಅದು ಕೇಳುತ್ತಿರುವವರೆಗೆ ಎರಡನೆಯವನು ಬಾವುಟ ಎತ್ತಬಾರದು.

ಎರಡನೆಯವನು ಸೋಮಾರಿಯಲ್ಲ. ಬೆಳಿಗ್ಗೆ ನೀರಿಗಿಳಿದು ಗಳ ಊರಿ ತಾನೂ ಆಳ ನೋಡುತ್ತಿದ್ದ. ಆಮೇಲೆ ಬಂಡೆಯ ಮೇಲೆ ಕೂತು ಶಂಖಕ್ಕೆ ಕಿವಿಗೊಡುತ್ತಿದ್ದ. ವರ್ಷಗಳು ಹೋದವು. ಅವನ ಬಾವುಟ ಮಡಿಕೆ ಬಿಚ್ಚಲಿಲ್ಲ. ಊರವರು ಅವನನ್ನು ಕೂತುಣ್ಣುವವ ಎಂದರು. ಹೆಂಡತಿ ಆ ಮಾತನ್ನು ಬಾವಿಕಟ್ಟೆಯಲ್ಲಿ ಕೇಳಿ ಬಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಶಂಖ ಕೇಳಿದಾಗಲೆಲ್ಲ ಅವನ ಮನಸ್ಸು ಸ್ವಲ್ಪ ಕಹಿಯಾಗುತ್ತಿತ್ತು.

ಒಂದು ದಿನ ಗಾಳಿ ದಿಕ್ಕು ಬದಲಿಸಿತು. ಶಂಖದ ದನಿ ತಿರುವು ದಾಟಿ ಬರಲಿಲ್ಲ. ಅವನು ಕಾದ. ಮತ್ತೂ ಕಾದ. ಅಷ್ಟರಲ್ಲಿ ಮದುವೆ ದಿಬ್ಬಣದ ದೋಣಿಯೊಂದು ಅಳಿವೆಯ ಬಾಯಿಗೆ ಬಂತು. ಮೊದಲನೆಯವನು ಬಿದ್ದಿರಬೇಕು, ಇನ್ನು ನನ್ನ ಸರದಿ ಎಂದುಕೊಂಡು ಎರಡನೆಯವನು ಬಾವುಟ ಎತ್ತಿ ಬಲಕ್ಕೆ ಬೀಸಿದ. ತಿರುವಿನಾಚೆ ಮೊದಲನೆಯವನು ಎಡಕ್ಕೆ ಬೀಸುತ್ತಲೇ ಇದ್ದ.

ದೋಣಿ ಬಲಕ್ಕೆ ಹೊರಳಿತು. ಮತ್ತೆ ಎಡಕ್ಕೆ ಹೊರಳಿತು. ನಾವಿಕನಿಗೆ ಸರಿಯಾಗಿ ಕಾಣುತ್ತಿಲ್ಲವೆಂದು ಎರಡನೆಯವನು ಇನ್ನೂ ಜೋರಾಗಿ ಬೀಸಿದ. ಮೊದಲನೆಯವನೂ ಹಾಗೆಯೇ ಮಾಡಿದ. ದೋಣಿ ನಡುವಿನ ದಿಬ್ಬಕ್ಕೆ ಬಡಿದು ಮಗುಚಿತು. ಈಜು ಬಾರದವರು ದಡ ಸೇರಲಿಲ್ಲ.

ಹಿರಿಯರು ಗಳ ಊರಿ ನೋಡಿದರು. ಎಡದಲ್ಲೂ ಆಳವಿತ್ತು, ಬಲದಲ್ಲೂ ಆಳವಿತ್ತು. ಯಾರನ್ನು ದಂಡಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ಆಗ ಆ ದೋಣಿಯಲ್ಲಿ ಮಗಳನ್ನು ಕಳೆದುಕೊಂಡಿದ್ದ ಮುದುಕ ನಾವಿಕನೊಬ್ಬ ಎದ್ದು, ಒಂದು ಬಾವುಟವನ್ನು ಬೆಂಕಿಗೆ ಹಾಕಿದ.

“ಇನ್ನು ಇಬ್ಬರಿಗೂ ಉಳಿದದ್ದು ಒಂದೇ,” ಎಂದು ಎರಡನೆಯವನಿಗೆ ಹೇಳಿದ. “ಶಂಖ ಕೇಳದಿದ್ದರೆ ಹೋಗಿ ಅವನ ಕೈಯಿಂದ ತೆಗೆದುಕೊ.”

“ನಾನು ಓಡಿ ಹೋಗಿ ಮುಟ್ಟುವಷ್ಟರಲ್ಲಿ ದೋಣಿ ಬಂದುಬಿಟ್ಟರೆ?”

“ಬಾವುಟ ಕಾಣದಿದ್ದರೆ ನಾವು ಹೊರಗೇ ನಿಲ್ಲುತ್ತೇವೆ, ತಮ್ಮಾ. ಎರಡು ಕಂಡರೆ ನಿಲ್ಲಬೇಕೆಂಬುದೂ ತೋಚುವುದಿಲ್ಲ.”

ಆಮೇಲೆ ಶಂಖ ಕೇಳದಾಗಲೆಲ್ಲ ಎರಡನೆಯವನು ಮುಳ್ಳಿನ ದಾರಿಯಲ್ಲಿ ಓಡಿದ. ಹೆಚ್ಚಿನ ಸಲ ಮೊದಲನೆಯವನು ಗಟ್ಟಿಯಾಗಿ ನಿಂತೇ ಇರುತ್ತಿದ್ದ, ಗಾಳಿಯಷ್ಟೇ ತಿರುಗಿರುತ್ತಿತ್ತು. ಇವನು ಏದುಸಿರು ಬಿಡುತ್ತ ಹಿಂದಿರುಗುತ್ತಿದ್ದ. ಒಂದು ಸಲ ಮಾತ್ರ ಮೊದಲನೆಯವನು ಬಂಡೆಯ ಮೇಲೆ ಬಿದ್ದಿದ್ದ. ಕಣ್ಣು ತೆರೆದೇ ಇತ್ತು. ಇವನನ್ನು ಕಂಡು ಬಾವುಟದ ಮೇಲಿನ ಬೆರಳು ಸಡಿಲಿಸಿದ. ಎರಡನೆಯವನು ಅದನ್ನೆತ್ತಿ ಬೀಸಿದ. ಹೊರಗೆ ಕಾದಿದ್ದ ದೋಣಿಗಳು ಒಂದರ ಹಿಂದೆ ಒಂದು ಒಳಗೆ ಬಂದವು. ಬೀಸುವ ಕೈ ಬದಲಾದದ್ದು ದೋಣಿಯವರಿಗೆ ಗೊತ್ತಾಗಲಿಲ್ಲ. ಅವರಲ್ಲಿ ಕೆಲವರು ದಡಕ್ಕಿಳಿದ ಮೇಲೆ, ಆ ಕೂತುಣ್ಣುವವ ಇವತ್ತು ಎಲ್ಲಿ ಹೋದ ಎಂದು ಕೇಳಿದರಂತೆ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಇನ್ನೂ ಸಮಾಧಾನವಿರಲಿಲ್ಲ.

“ಆದರೆ ದಿಬ್ಬಣ ಮುಳುಗಿದ ದಿನ ತಪ್ಪಿದವನು ಯಾರು? ಮೊದಲನೆಯವನೋ, ಎರಡನೆಯವನೋ?”

“ತಾನು ತಪ್ಪಿರಬಹುದು ಎಂದು ಇಬ್ಬರಲ್ಲಿ ಒಬ್ಬನಿಗಾದರೂ ಅನಿಸಿದ್ದರೆ, ಆ ದೋಣಿ ದಡ ಸೇರುತ್ತಿತ್ತು,” ಎಂದರು ಗುರುಗಳು.

ಚೆನ್ನವೀರ ಎದ್ದು ಆಸ್ಪತ್ರೆಯ ಕಡೆಗೆ ನಡೆದ.