ಎರಡೇ ಮಾತು

ಕಬಡ್ಡಿ, ಖೊಖೊ, ವಾಲಿಬಾಲ್, ಜಾವೆಲಿನ್, ಎಲ್ಲಕ್ಕೂ ಆ ಸಣ್ಣ ಕಾಲೇಜಿಗೆ ಇದ್ದದ್ದು ಒಬ್ಬರೇ ಪಿ.ಟಿ. ಮೇಷ್ಟ್ರು, ನಿಜಗುಣಪ್ಪ. ಮೂವತ್ತೊಂದು ವರ್ಷ ಸೀಟಿ ಊದಿದರು. ಮೈಕು ಅವರ ಕೈಗೆ ಬಂದದ್ದು ಹುಡುಗರನ್ನು ಸಾಲಾಗಿ ನಿಲ್ಲಿಸುವಾಗ ಮಾತ್ರ.

ಕೊನೆಯ ದಿನವೂ ಅದೇ ಕತೆ. ಹೆಸರಿಗೆ ಮೇಷ್ಟ್ರ ಬೀಳ್ಕೊಡುಗೆ, ಭಾಷಣ ಆಡಳಿತ ಮಂಡಳಿಯ ಅಧ್ಯಕ್ಷರದು. ಎರಡು ಗಂಟೆ ತಡವಾಗಿ ಬಂದ ಅಧ್ಯಕ್ಷರು ವೇದಿಕೆಯ ಮೇಲೆ ಶಾಮಿಯಾನದ ನೆರಳಲ್ಲಿ ಕೂತು, "ನನ್ನ ಮಾತು ಮುಗಿಯೋ ತನಕ ಒಬ್ಬರೂ ಅಲ್ಲಾಡಬಾರದು. ಸಾವಧಾನ್ ಅಂತ ನಿಲ್ಲಿಸ್ರೀ" ಅಂತ ಮೇಷ್ಟ್ರಿಗೆ ಅಂದರು. ಮೈದಾನದಲ್ಲಿ ಸಾಲಾಗಿ ನಿಂತವರಲ್ಲಿ ಆಗಲೇ ಇಬ್ಬರು ಹುಡುಗಿಯರು ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದರು. ಅಧ್ಯಕ್ಷರ ಕೈಯಲ್ಲಿದ್ದ ಭಾಷಣ ಹನ್ನೆರಡು ಪುಟ.

ಮೇಷ್ಟ್ರು ಹತ್ತಿರ ಹೋದರು. "ಸರ್, ಮೊದಲು ನಾನೂ ಸ್ವಲ್ಪ ಮಾತಾಡ್ಲಾ?"

"ಎರಡು ಮಾತು ಆಡಿ. ಎರಡೇ. ಹೆಚ್ಚಿಗೆ ಬೇಡ."

ನಿಜಗುಣಪ್ಪ ಮೈಕು ಹಿಡಿದು "ವಿಶ್ರಾಮ್" ಅಂದರು. ನಿಂತವರ ಕಾಲು ಸಡಿಲವಾದವು. "ವಿಸರ್ಜನ್" ಅಂದರು. ಸಾಲು ಮುರಿದು ಎಲ್ಲರೂ ನೀರಿನ ನಲ್ಲಿಯ ಕಡೆ ಓಡಿದರು. ನೋಡನೋಡುತ್ತ ಮೈದಾನ ಬರಿದಾಯಿತು.

ಅಧ್ಯಕ್ಷರ ಮುಖ ಕೆಂಪೇರಿತು. "ಏನ್ರೀ ಇದು?"

"ನೀವೇ ಹೇಳಿದ್ದಲ್ವಾ ಸರ್, ಎರಡೇ ಮಾತು ಅಂತ."

"ಈಗ ನಾನು ಯಾರಿಗೆ ಭಾಷಣ ಮಾಡಲಿ?"

ಮೇಷ್ಟ್ರು ವೇದಿಕೆ ಇಳಿದು ಹೋಗಿ ಬಿಸಿಲಲ್ಲಿ ಒಬ್ಬರೇ ನೆಟ್ಟಗೆ ನಿಂತರು.

"ನನಗೇ ಮಾಡಿ ಸರ್. ನನಗೆ ವಿಸರ್ಜನ್ ಹೇಳೋರು ಯಾರೂ ಇಲ್ಲ."

ಮೇಷ್ಟ್ರಿಗೆ ಹೇಳುವಂಥದ್ದು ಏನಾದರೂ ಇದೆಯೇ ಅಂತ ಅಧ್ಯಕ್ಷರು ಹನ್ನೆರಡೂ ಪುಟ ತಿರುವಿದರು. ಮೇಷ್ಟ್ರ ಹೆಸರೇ ಎಲ್ಲೂ ಇರಲಿಲ್ಲ.